ಫ್ರೆಂಚ್ ಮುದುಕನಾಗಿ ಸಂಜೀವ ಮಾವ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾವ ಕಾದಂಬರಿ ಓದಿದರೂ ಅದರ ಪಾತ್ರಗಳಿಗೆಲ್ಲ ನಮ್ಮ ನೆಂಟರ ಮುಖ ಅಂಟಿಸಿಬಿಡುತ್ತೇನೆ. ಪಾಪ, ಲೇಖಕ ಅರ್ಧ ಪುಟ ಖರ್ಚು ಮಾಡಿ ನೀಲಿ ಕಣ್ಣು, ಹೊಂಬಣ್ಣದ ಕೂದಲು ಎಂದು ವರ್ಣಿಸಿರುತ್ತಾನೆ. ನಾನು ಅದನ್ನು ಹಾರಿಸಿ ಮುಂದೆ ಹೋಗುತ್ತೇನೆ. ಯಾವ ದೇಶದ ರಾಣಿ ಬಂದರೂ ಅವಳಿಗೆ ಬೆಳ್ತಂಗಡಿಯ ನನ್ನ ದೊಡ್ಡಮ್ಮನ ಮೂಗೇ ಗತಿ. ಇದು ನನ್ನ ತಲೆಯೊಳಗೇ ಇದ್ದಷ್ಟು ದಿನ ಯಾರಿಗೂ ಉಪದ್ರವಿರಲಿಲ್ಲ. ಒಂದು ಮದುವೆ ಊಟದಲ್ಲಿ ಪ್ರವೀಣನ ಪಕ್ಕ ಕೂತು ಬಾಯಿಬಿಟ್ಟದ್ದೇ ತಪ್ಪಾಯಿತು.

ಪ್ರವೀಣ ನನ್ನ ಸಹಪಾಠಿ, ಈಗ ಮೂಡುಬಿದಿರೆಯಲ್ಲಿ ಉಪನ್ಯಾಸಕ. ಹಳೆಯದೊಂದು ಫ್ರೆಂಚ್ ಕಾದಂಬರಿಯನ್ನು ನಮ್ಮೂರಿಗೆ ಒಗ್ಗಿಸಿ ಕನ್ನಡದಲ್ಲಿ ಸಿನಿಮಾ ಮಾಡುವ ಹುಚ್ಚು ಅವನಿಗೆ ಹಿಡಿದಿತ್ತು. ಕತೆ ಇಷ್ಟೇ: ಹಾಸಿಗೆ ಹಿಡಿದ ಶ್ರೀಮಂತ ಮುದುಕ, ಅವನ ಉಯಿಲಿಗಾಗಿ ನಾಲ್ಕುನೂರು ಪುಟ ಕಾಯುವ ಒಬ್ಬನೇ ಮಗ. "ಪ್ಯಾರಿಸ್ಸನ್ನು ಇಲ್ಲಿಗೆ ತರುವುದು ಸುಲಭ ಮಾರಾಯ, ಮುಖಗಳು ಸಿಗುವುದೇ ಕಷ್ಟ. ನೀನು ಹುಡುಕಿ ಕೊಡು," ಎಂದ. ನಾನು ಬಂಟ್ವಾಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಇಪ್ಪತ್ತು ವರ್ಷಗಳಿಂದ ವಾರ್ಷಿಕೋತ್ಸವದ ನಾಟಕಗಳಿಗೆ ಪಾತ್ರ ಹಂಚುವವನು ನಾನೇ. ನನ್ನ ಸಿದ್ಧಾಂತ ಸರಳ. ಯಾರ ಮನೆಯಲ್ಲಿ ಜರಿ ಶಾಲು ಇದೆಯೋ ಅವನು ರಾಜ, ಸುಮ್ಮನೆ ನಿಲ್ಲಬಲ್ಲವನು ಮಂತ್ರಿ, ಎರಡೂ ಆಗದವನು ಪರದೆ ಎಳೆಯಬೇಕು. ಈ ಅನುಭವದ ಬಲದಿಂದ ನಾನು ಮೊದಲು ಮಾಡಿದ ಕೆಲಸವೆಂದರೆ ಮಗನ ಪಾತ್ರವನ್ನು ನನಗೇ ಇಟ್ಟುಕೊಂಡದ್ದು. ಪ್ರವೀಣ ನನ್ನ ಹೊಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ, "ಆಗಬಹುದು," ಎಂದ.

ಮುದುಕನ ಪಾತ್ರಕ್ಕೆ ನಾನು ಹಿಡಿದದ್ದು ಸಂಜೀವ ಮಾವನನ್ನು. ನನ್ನ ಹೆಂಡತಿ ಸುಜಯಾಳ ತಾಯಿಯ ತಮ್ಮ. ನಲವತ್ತು ವರ್ಷ ಮುಂಬೈಯಲ್ಲಿ ಹೋಟೆಲು ನಡೆಸಿ ಈಗ ಪಾಣೆಮಂಗಳೂರಿನಲ್ಲಿ ನೆಲೆಸಿದ್ದಾರೆ. ದೋಸೆ ಸರಿಯಾಗದಿದ್ದರೆ ಅವರು ಒಂದು ಮಾತೂ ಆಡದೆ ಬಟ್ಟಲನ್ನು ಎರಡು ಇಂಚು ಮುಂದೆ ದೂಡುತ್ತಾರೆ. ಆ ಒಂದು ಚಲನೆಗೆ ಯಾವ ಫ್ರೆಂಚ್ ಜಮೀನ್ದಾರನೂ ಸಾಟಿಯಲ್ಲ. ಕೇಳಿದ ಕೂಡಲೇ ಒಪ್ಪಿ, ಗಡ್ಡ ಬಿಟ್ಟು, ದಿನಾ ಊಟದ ಮೇಲೆ ಎರಡು ಗಂಟೆ ಮಲಗಿ ಸಾಯುವ ಅಭ್ಯಾಸ ಶುರುಮಾಡಿದರು. "ಇವತ್ತು ನಿನ್ನೆಗಿಂತ ಒಳ್ಳೆಯದಾಯಿತಂತೆ," ಎಂದು ಸುಜಯಾ ಫೋನಿಟ್ಟು ನನಗೆ ವರದಿ ಒಪ್ಪಿಸುತ್ತಿದ್ದಳು.

ತೊಡಕು ಬಂದದ್ದು ಸಂಭಾಷಣೆಯ ಹಾಳೆಗಳು ಅವರ ಕೈ ಸೇರಿದ ಮೇಲೆ.

"ಮಾಸ್ಟ್ರೇ, ಈ ಮನುಷ್ಯನಿಗೆ ಅಕ್ಕತಂಗಿ ಯಾರೂ ಇಲ್ಲವಾ?" ಎಂದು ಕೇಳಿದರು. ಮಾತಾಡಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾದಂಬರಿಯಲ್ಲಿ ಇಲ್ಲ ಎಂದೆ. "ಇಲ್ಲದೆ ಹೇಗಾಗ್ತದೆ? ಮಗನಿಗೆ ಕೊಡಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಅಕ್ಕನ ಮಕ್ಕಳ ಹೆಸರೇ ಎತ್ತದೆ ಸಾಯುವುದಾ? ನಾನು ಹಾಗೆ ಸಾಯುವುದಿಲ್ಲ."

ಅವರ ಮನೆತನದಲ್ಲಿ ಅಜ್ಜಂದಿರ ಕಾಲದವರೆಗೂ ಅಳಿಯಕಟ್ಟು ನಡೆಯುತ್ತಿತ್ತು. ಯಜಮಾನನ ಆಸ್ತಿ ಹೋಗುವುದು ಸೋದರಿಯ ಮಕ್ಕಳಿಗೆ, ಸ್ವಂತ ಮಕ್ಕಳಿಗಲ್ಲ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಮಾವನ ಮನಸ್ಸು ಬದಲಾಗಿಲ್ಲ. ಪ್ರವೀಣನಿಗೆ ಹೇಳಿದರೆ, "ಫ್ರಾನ್ಸಿನಲ್ಲಿ ಅಳಿಯಕಟ್ಟು ಇಲ್ಲ ಮಾರಾಯ. ಒಂದು ಅಕ್ಷರ ಬದಲಿಸುವುದಿಲ್ಲ. ಅವರಿಗೆ ಆಗದಿದ್ದರೆ ಮಂಗಳೂರಿನಿಂದ ಬೇರೆಯವರನ್ನು ತರಿಸ್ತೇನೆ," ಎಂದು ಮುಖ ಗಂಟುಹಾಕಿದ.

ಬೇರೆಯವರನ್ನು ತರಿಸಲಿ ಎಂದು ನಾನು ಕೈತೊಳೆದುಕೊಳ್ಳುತ್ತಿದ್ದೆನೋ ಏನೋ. ಸುಜಯಾ ಬಿಡಲಿಲ್ಲ. "ಪಾತ್ರ ಇಲ್ಲ ಅಂದರೆ ಮಾವ ಏನೂ ಹೇಳಲಿಕ್ಕಿಲ್ಲ. ಅದೇ ನನಗೆ ಹೆದರಿಕೆ. ಅಮ್ಮ ಹೋದ ಮೇಲೆ ಅವರು ಇಷ್ಟು ಖುಷಿಯಲ್ಲಿ ಇದ್ದದ್ದನ್ನು ನಾನು ನೋಡಿಲ್ಲ," ಎಂದಳು. ನನ್ನ ಅತ್ತೆ, ಅಂದರೆ ಮಾವನ ಅಕ್ಕ, ತೀರಿಕೊಂಡಾಗ ಅವರು ಮುಂಬೈಯಲ್ಲಿದ್ದರು, ಬಂದು ಮುಟ್ಟುವಾಗ ಎಲ್ಲ ಮುಗಿದಿತ್ತು. ಊರಿಗೆ ಬಂದು ನೆಲೆಸಿದ ಮೇಲೆ ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುತ್ತಾರೆ, ಒಂದು ಗಂಟೆ ಕೂರುತ್ತಾರೆ, ಸೆಕೆಯ ಬಗ್ಗೆ ಮಾತಾಡಿ ಎದ್ದು ಹೋಗುತ್ತಾರೆ. ಆ ಭೇಟಿಗಳನ್ನು ನೆನೆದರೆ ನನಗೂ ಸಂಕಟವಾಗುತ್ತಿತ್ತು. ಹಾಗಾಗಿ ನಾನು ಮಾವನಿಗೆ "ಎಲ್ಲ ಸರಿ ಮಾಡಿದ್ದಾರೆ" ಎಂದೆ, ಪ್ರವೀಣನಿಗೆ "ಅವರು ಒಪ್ಪಿದರು" ಎಂದೆ. ಎರಡೂ ಶುದ್ಧ ಸುಳ್ಳು.

ಚಿತ್ರೀಕರಣ ನಡೆದದ್ದು ಮೂಡುಬಿದಿರೆಯ ಒಂದು ಹಳೆಯ ಜೈನರ ಮನೆಯಲ್ಲಿ. ಹೊಸ್ತಿಲೊಳಗೆ ಮಾಂಸ ತರಬಾರದು, ಊಟವೆಲ್ಲ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು ಎಂದು ಯಜಮಾನರು ಮೊದಲೇ ಹೇಳಿದ್ದರು. ಹೀಗೆ ಫ್ರೆಂಚರ ಭರ್ಜರಿ ಔತಣ ಗೋಳಿಬಜೆಗೆ ಬಂದು ನಿಂತಿತು. ಗಂಜಿ ಹಿಡಿದು ನಿಲ್ಲುವ ಕೆಲಸದವಳ ಪಾತ್ರದವರು ಬಾರದೆ, ಸುಜಯಾಳನ್ನೇ ಬಟ್ಟಲು ಕೊಟ್ಟು ನಿಲ್ಲಿಸಿದರು. ಬರೆದಿದ್ದ ಪ್ರಕಾರ ಮುದುಕ ಕಬ್ಬಿಣದ ಪೆಟ್ಟಿಗೆಯ ಬೀಗದಕೈಯನ್ನು ಮಗನ ಕೈಗಿಟ್ಟು ಪ್ರಾಣ ಬಿಡಬೇಕು. ನಾನು ಮಂಚದ ಬುಡದಲ್ಲಿ ಕೈ ಚಾಚಿ ನಿಂತೆ.

ಕ್ಯಾಮೆರಾ ಓಡತೊಡಗಿತು. ಮಾವ ಕಣ್ಣು ತೆರೆದು ನನ್ನನ್ನು ನೋಡಿದರು, ನನ್ನನ್ನು ದಾಟಿ ಆಚೆ ನೋಡಿದರು.

"ಸುಜಯಾ, ಇಲ್ಲಿ ಬಾ ಮಗಾ," ಎಂದರು. ಮತ್ತೆ ತುಳುವೇ. "ಅಕ್ಕ ಹೋಗುವಾಗ ನಾನಿರಲಿಲ್ಲ. ಕಾಯಿಲೆ ಜೋರಾಗಿದೆ ಅಂತ ಬೆಳಿಗ್ಗೆಯೇ ಫೋನ್ ಬಂದಿತ್ತು. ಸಂಜೆಯ ಗಿರಾಕಿ ಮುಗಿಯಲಿ, ನಾಳೆ ಹೊರಡುವ ಅಂತ ಹೋಟೆಲಿನ ಗಲ್ಲಾದಲ್ಲೇ ಕೂತೆ. ನಿನ್ನತ್ರ ಹೇಳಬೇಕು ಅಂತ ಎಷ್ಟು ಸಲ ಬಂದೆ. ಬಾಯಿ ಬರಲಿಲ್ಲ." ಬೀಗದಕೈಯನ್ನು ಅವಳ ಅಂಗೈಗಿಟ್ಟು, ಬೆರಳು ಮಡಚಿ, ಕಣ್ಣು ಮುಚ್ಚಿದರು. ಗಂಜಿ ಚೆಲ್ಲಿತು. ಅವಳು ಮಂಚದ ಬದಿಯಲ್ಲಿ ಕುಸಿದು ಕೂತು ಅತ್ತಳು. ಮನೆಯ ಯಜಮಾನರು ಶಾಲಿನಲ್ಲಿ ಕಣ್ಣೊರೆಸಿಕೊಂಡರು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ.

ನಾನು ಕ್ಷಮೆ ಕೇಳಲು ಹೋದರೆ ಪ್ರವೀಣ, "ಇದೇ ಇರಲಿ," ಎಂದಷ್ಟೇ ಹೇಳಿ ಮೂಗು ಸೀಟಿದ. ಮಾವ ಎದ್ದು ಕೂತು, "ಸಾಯುವಾಗ ಕನ್ನಡ ನೆನಪಾಗಲಿಲ್ಲ ಮಾಸ್ಟ್ರೇ," ಎಂದರು. ಬರುವಾಗ ಕಾರಿನಲ್ಲಿ ಅವರೂ ಸುಜಯಾಳೂ ಹಿಂದೆ ಕೂತು ದಾರಿಯಿಡೀ ಅತ್ತೆಯ ವಿಷಯ ಮಾತಾಡಿದರು. ಸೆಕೆಯ ಸುದ್ದಿಯೇ ಬರಲಿಲ್ಲ. ನನಗೆ ನಿಜವಾಗಿ ಸಂತೋಷವಾಯಿತು.

ಕಳೆದ ವಾರ ಪ್ರವೀಣ ನಮ್ಮೆಲ್ಲರನ್ನೂ ಕರೆದು ಆ ದೃಶ್ಯ ತೋರಿಸಿದ. ಆ ಹೊತ್ತಿನಲ್ಲಿ ನನ್ನ ಕಣ್ಣೂ ತುಂಬಿ ಬಂದಿತ್ತೆಂದು ನಾನು ದೃಢವಾಗಿ ನಂಬಿದ್ದೆ, ಶಾಲೆಯಲ್ಲಿ ಇಬ್ಬರು ಮೂವರಿಗೆ ಹೇಳಿಯೂ ಇದ್ದೆ. ಪರದೆಯ ಮೇಲೆ ನೋಡಿದರೆ, ಮಾವ ಮಾತಾಡಿದಷ್ಟು ಹೊತ್ತೂ ನನ್ನ ಕೈ ಚಾಚಿದ್ದು ಚಾಚಿದ ಹಾಗೇ ಇದೆ. ಕಣ್ಣು ಸುಜಯಾಳ ಮುಷ್ಟಿಯ ಮೇಲಿದೆ. ಮುಖವಂತೂ ತನಗೆ ಬರಬೇಕಾದ ಲಾಡು ಪಕ್ಕದ ಎಲೆಗೆ ಬಿದ್ದವನದ್ದು.

"ಮಗನ ಪಾತ್ರಕ್ಕೆ ಇದಕ್ಕಿಂತ ಒಳ್ಳೆಯ ಮುಖ ನನಗೆ ಸಿಗ್ತಿರಲಿಲ್ಲ. ನಟನೆ ಅಂತ ಅನ್ನಿಸುವುದೇ ಇಲ್ಲ," ಎಂದ ಪ್ರವೀಣ. ಮಾವ ಬೆನ್ನು ತಟ್ಟಿದರು. ಸುಜಯಾ ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಅದು ಪ್ರವೀಣಣ್ಣನ ಮನೆಯ ದನದ ಹಟ್ಟಿಯ ಬೀಗದಕೈ ಅಂತೆ. ಅದಕ್ಕೂ ಅಷ್ಟು ಆಸೆಯಾ ಮಾರಾಯ್ರೇ ನಿಮಗೆ?" ಎಂದು ಕೇಳಿದಳು.

ಹಟ್ಟಿಯಲ್ಲಿ ದನ ಎಷ್ಟು ಉಂಟಂತೆ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.