ದಾಖಲೆ ಕೋಣೆಯ ಕಿಟಕಿ ಹಾಗೂ ಸಿಬ್ಬಂದಿಯ ಜೀವಕೋಶಗಳಿಗೆ ಆಮ್ಲಜನಕ ಪೂರೈಕೆ ಕುರಿತು

ಸಂಖ್ಯೆ: ಆಡಳಿತ/ದಾ.ಕೋ./ಉಸಿರು/೧೧ (ಮೂರು ಜ್ಞಾಪನಗಳ ನಂತರ)

ವಿಷಯ: ದಾಖಲೆ ಕೋಣೆಯ ಕಿಟಕಿ ತೆರೆಯುವಂತೆ ಕೋರಿ ಬಂದ ಅರ್ಜಿ, ಹಾಗೂ ಕಚೇರಿ ವೇಳೆಯಲ್ಲಿ ಸಿಬ್ಬಂದಿಯ ಮೈಯೊಳಗೆ ಪೂರ್ವಾನುಮತಿ ಇಲ್ಲದೆ ನಡೆಯುತ್ತಿರುವ ಶಕ್ತಿ ಉತ್ಪಾದನೆ.

ಉಲ್ಲೇಖ: ೧) ದಾಖಲೆ ಕೋಣೆಯ ಗುಮಾಸ್ತೆಯ ಅರ್ಜಿ (ಎರಡು ಪುಟ, ಒಂದು ಚಿತ್ರ). ೨) ಸದರಿ ಗುಮಾಸ್ತೆ ನೆಲದ ಮೇಲೆ ಕಂಡುಬಂದ ಬಗ್ಗೆ ಕಾರಣ ಕೇಳಿದ ಜ್ಞಾಪನ. ೩) ಕಿಟಕಿ ಸಮಿತಿಯ ವರದಿ.

ಪ್ರಸ್ತಾವನೆ:

ಹನ್ನೊಂದು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಬೀಸಿದ ಗಾಳಿಗೆ ಕಡತವೊಂದರ ಮೂರು ಹಾಳೆಗಳು ದಾಖಲೆ ಕೋಣೆಯ ಕಿಟಕಿಯಿಂದ ಹಾರಿಹೋದವು. ಗಾಳಿಯ ಮೇಲೆ ಕ್ರಮ ಜರುಗಿಸಲು ಅವಕಾಶವಿಲ್ಲದ ಕಾರಣ ಕಿಟಕಿಗೆ ಆರು ಮೊಳೆ ಹೊಡೆಯಲಾಯಿತು. ಅಂದಿನಿಂದ, ಸೂರಿನ ತನಕ ಪೇರಿಸಿದ ಕಡತಗಳ ನಡುವೆ, ಕಚೇರಿಯವರೆಲ್ಲ 'ಕಡತದಕ್ಕ' ಎಂದು ಕರೆಯುವ ಗುಮಾಸ್ತೆಯೊಬ್ಬರು ಕುಳಿತು ಕೆಲಸ ಮಾಡುತ್ತಾ ಬಂದಿದ್ದಾರೆ. ಕಳೆದ ತಿಂಗಳು ಅವರು ಕುರ್ಚಿಯಿಂದ ಎದ್ದವರೇ ಕಣ್ಣಿಗೆ ಕತ್ತಲೆ ಕಟ್ಟಿ ಕುಸಿದರು. ಒಂದು ಗಂಟೆಯ ನಂತರ ಯಾರೋ ಕಡತ ಕೇಳಿಕೊಂಡು ಹೋದಾಗ ವಿಷಯ ಬೆಳಕಿಗೆ ಬಂತು. ಇಲಾಖೆಯು ಇದನ್ನು 'ಮಂಜೂರಾಗದ ವಿಶ್ರಾಂತಿ' ಎಂದು ಪರಿಗಣಿಸಿ, ಇನ್ನೊಮ್ಮೆ ಬಿದ್ದಲ್ಲಿ ಕೆಲಸದಿಂದ ತೆಗೆಯಲಾಗುವುದೆಂದೂ, ಬೀಳುವ ಮುನ್ನ ಈ ಎಚ್ಚರಿಕೆಯನ್ನು ಓದಿ ಸಹಿ ಹಾಕತಕ್ಕದ್ದೆಂದೂ ತಿಳಿಸಿತು.

ಇದಕ್ಕೆ ಉತ್ತರವಾಗಿ ಬಂದ ಅರ್ಜಿಯನ್ನು ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವರ ತಂಗಿ ಬರೆದುಕೊಟ್ಟಿರುವುದು ಅಕ್ಷರದ ಅಂದದಿಂದ ಪತ್ತೆಯಾಗಿದೆ. ವಿಚಾರಣೆಗೆ ಕರೆಸಲಾದ ತಂಗಿಯು, "ಅಕ್ಕನ ಮೈಯಲ್ಲಿ ಸೋಮಾರಿತನ ಇಲ್ಲ ಸಾರ್, ಆ ಕೋಣೆಯಲ್ಲಿ ಗಾಳಿ ಇಲ್ಲ. ನೀವೇ ಬಾಗಿಲು ಹಾಕ್ಕೊಂಡು ಅರ್ಧ ಗಂಟೆ ಕೂತು ನೋಡಿ, ಗೊತ್ತಾಗುತ್ತೆ" ಎಂದು ಹೇಳಿಕೆ ನೀಡಿದ್ದಾರೆ. ಪಕ್ಕದಲ್ಲಿದ್ದ ಅಕ್ಕ "ಸುಮ್ಮನಿರೇ, ಇವಳೊಬ್ಬಳು" ಎಂದದ್ದನ್ನೂ ದಾಖಲಿಸಿಕೊಳ್ಳಲಾಗಿದೆ.

ಮೇಲ್ಕಂಡ ಎಲ್ಲವನ್ನೂ ಪರಿಶೀಲಿಸಿ ಈ ಕೆಳಗಿನಂತೆ ಸೂಚಿಸಲಾಗಿದೆ:

೧. ಅರ್ಜಿಯ ಪ್ರಕಾರ, ಪ್ರತಿಯೊಬ್ಬ ನೌಕರರ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯ ಎಂಬ ಸಣ್ಣ ಒಲೆಗಳಿವೆ. ಉಂಡ ಅನ್ನದ ಸಕ್ಕರೆಯಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳು ಅಲ್ಲಿ ಕಡತ ಸಾಗಿದಂತೆ ಮೇಜಿನಿಂದ ಮೇಜಿಗೆ ಸಾಗುತ್ತವೆ; ಹಾಗೆ ಸಾಗುವುದರಿಂದಲೇ ಶಕ್ತಿ ಹುಟ್ಟುತ್ತದೆ. ಕೊನೆಯ ಮೇಜಿನಲ್ಲಿ ಆಮ್ಲಜನಕ ಕುಳಿತಿದ್ದು, ಬಂದವರನ್ನು ಬರಮಾಡಿಕೊಂಡು ನೀರಾಗುತ್ತದೆ. ಕೊನೆಯ ಮೇಜು ಖಾಲಿ ಇದ್ದರೆ ಮೊದಲ ಮೇಜಿನ ತನಕ ಎಲ್ಲವೂ ನಿಂತುಹೋಗುತ್ತದೆ. ಕಡತ ಸಾಗುವುದರಿಂದ ಶಕ್ತಿ ಹುಟ್ಟುತ್ತದೆ ಎಂಬುದನ್ನು ಇಲಾಖೆಯು ತನ್ನ ದೀರ್ಘ ಅನುಭವದ ಮೇರೆಗೆ ಒಪ್ಪುವುದಿಲ್ಲ. ಕೊನೆಯ ವಾಕ್ಯವನ್ನು ಓದಿದ ಮೂವರು ಅಧಿಕಾರಿಗಳು, ತಾವು ಆ ದಿನ ಮೇಜಿನಲ್ಲೇ ಇದ್ದೆವೆಂದು ಲಿಖಿತ ಸಮಜಾಯಿಷಿ ಸಲ್ಲಿಸಿದ್ದಾರೆ. ಯಾವ ದಿನ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

೨. ಎಲೆಕ್ಟ್ರಾನು ಒಂದು ಗಳಿಗೆಯಲ್ಲಿ ನಿಖರವಾಗಿ ಎಲ್ಲಿದೆಯೆಂದು ಹೇಳಲಾಗದು, ಎಲ್ಲಿ ಇರಬಹುದು ಎಂದಷ್ಟೇ ಹೇಳಬಹುದು ಎಂದು ಅರ್ಜಿಯ ಅಡಿಟಿಪ್ಪಣಿ ತಿಳಿಸುತ್ತದೆ. ಈ ಸೌಲಭ್ಯವು ಇದುವರೆಗೆ ಮೇಲಧಿಕಾರಿಗಳಿಗೆ ಮಾತ್ರ ಲಭ್ಯವಿದ್ದು, ಕೆಳಹಂತಕ್ಕೆ ವಿಸ್ತರಿಸುವ ಪ್ರಸ್ತಾವ ಇರುವುದಿಲ್ಲ. ನೌಕರರು ತಮ್ಮ ಎಲೆಕ್ಟ್ರಾನುಗಳ ಸಹಿತ ಬೆಳಿಗ್ಗೆ ಹತ್ತಕ್ಕೆ ಹಾಜರಿರತಕ್ಕದ್ದು.

೩. ಹೀಗೆ ಹುಟ್ಟಿದ ಶಕ್ತಿಯನ್ನು ಎಟಿಪಿ ಎಂಬ ಅಣುವು ಹೊತ್ತು ತಿರುಗುತ್ತದೆಂದೂ, ಅದರ ಬಾಲದ ಮೂರು ಫಾಸ್ಫೇಟುಗಳಲ್ಲಿ ಒಂದನ್ನು ಬಿಡಿಸಿ ಕೆಲಸ ಮಾಡಿ ಮತ್ತೆ ಜೋಡಿಸಲಾಗುತ್ತದೆಂದೂ ತಿಳಿದುಬಂದಿದೆ. ಒಂದೇ ವಸ್ತುವನ್ನು ದಿನವಿಡೀ ಮರುಬಳಕೆ ಮಾಡುವ ಈ ಮಿತವ್ಯಯವನ್ನು ಇಲಾಖೆ ಶ್ಲಾಘಿಸುತ್ತದೆ. ಆದರೆ ಬಿಡಿಸುವ ಮುನ್ನ ಮೂರು ಪ್ರತಿಗಳಲ್ಲಿ ಅನುಮತಿ ಪಡೆಯತಕ್ಕದ್ದು. ಅನುಮತಿ ಬರುವ ತನಕ ರೆಪ್ಪೆ ಬಡಿಯುವುದನ್ನು ತಡೆಹಿಡಿಯಲು ಸೂಚಿಸಲಾಗಿದೆ.

೪. ಆಮ್ಲಜನಕವಿದ್ದಲ್ಲಿ ಒಂದು ಗ್ಲುಕೋಸ್ ಅಣುವಿನಿಂದ ಸುಮಾರು ಮೂವತ್ತು ಎಟಿಪಿ, ಇಲ್ಲದಿದ್ದಲ್ಲಿ ಎರಡು ಮಾತ್ರ ದೊರೆಯುತ್ತವೆ ಎಂದು ಅರ್ಜಿದಾರರು ವಾದಿಸಿದ್ದಾರೆ. ಈ ಕಚೇರಿಯ ಕೆಲಸಕ್ಕೆ ಎರಡು ಸಾಕು.

೫. ಆದಾಗ್ಯೂ ಮಾನವೀಯ ದೃಷ್ಟಿಯಿಂದ, ಅಧೀಕ್ಷಕರ ಮೇಜಿನ ಮೇಲಿನ ಕುಂಡದ ಗಿಡವನ್ನು ಸ್ವೀಕೃತಿ ಪಡೆದು ದಾಖಲೆ ಕೋಣೆಗೆ ನಿಯೋಜಿಸಲಾಗಿತ್ತು. ಗಿಡವು ಬೆಳಕಿದ್ದರೆ ಮಾತ್ರ ಆಮ್ಲಜನಕ ಬಿಡುತ್ತದೆಂದೂ, ಬೆಳಕು ಬರಬೇಕಾದದ್ದು ಅದೇ ಕಿಟಕಿಯಿಂದಲೆಂದೂ ತಡವಾಗಿ ಗಮನಕ್ಕೆ ಬಂತು. ಹದಿನೈದು ದಿನಗಳಲ್ಲಿ ಎಲೆ ಹಳದಿಯಾಗಿದೆ. ಗಿಡಕ್ಕೆ ನೋಟಿಸು ಜಾರಿಯಾಗಿದ್ದು ಉತ್ತರ ನಿರೀಕ್ಷಿಸಲಾಗಿದೆ.

೬. ತಂಗಿಯ ಸವಾಲನ್ನು ಸ್ವೀಕರಿಸಿ ಮೂವರು ಸದಸ್ಯರ ಕಿಟಕಿ ಸಮಿತಿಯು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿತು. ಹತ್ತನೆಯ ನಿಮಿಷದಲ್ಲಿ ಅಧ್ಯಕ್ಷರು ಆಕಳಿಸಿದರು. ಇಪ್ಪತ್ತನೆಯ ನಿಮಿಷದಲ್ಲಿ ಮೂವರೂ ಕಡತಗಳಿಗೆ ತಲೆಯಾನಿಸಿದ್ದರು. ಕಡತದಕ್ಕ ಬಾಗಿಲು ತೆರೆದು, ಹಳೆಯ ರಟ್ಟಿನಿಂದ ಗಾಳಿ ಹಾಕಿ, "ಏಳಿ ಸಾರ್, ಮೆಲ್ಲಗೆ ಏಳಿ, ಗೋಡೆ ಹಿಡ್ಕೊಳ್ಳಿ" ಎಂದು ಒಬ್ಬೊಬ್ಬರನ್ನೇ ಹೊರಗೆ ಕರೆತಂದರು. ಕೋಣೆಯಲ್ಲಿ ಗಾಳಿ ಧಾರಾಳವಾಗಿದೆ ಎಂದು ಸಮಿತಿ ಒಮ್ಮತದಿಂದ ವರದಿ ನೀಡಿದೆ. ವರದಿಯನ್ನು ಅಂಗಳದಲ್ಲಿ ಮರದಡಿ ಕುಳಿತು ಬರೆಯಲಾಗಿದೆ.

೭. ಅನುಮತಿ ಇಲ್ಲದೆ ಹೆಚ್ಚುವರಿ ಗಾಳಿ ಕೋರಿದ್ದೇಕೆ ಎಂಬ ಪ್ರಶ್ನೆಗೆ ಗುಮಾಸ್ತೆಯು, "ಉಸಿರು ಕೊಟ್ಟ ದೇವರು ಅದರ ಜೊತೆ ನಮೂನೆ ಕೊಡಲಿಲ್ಲ ಸಾರ್, ಕೊಟ್ಟಿದ್ದರೆ ತುಂಬಿ ಕೊಡ್ತಿದ್ದೆ" ಎಂದು ವಿನಯದಿಂದ ಉತ್ತರಿಸಿದ್ದಾರೆ. ಲೋಪವನ್ನು ಸರಿಪಡಿಸಿ ನಮೂನೆಯನ್ನು ಇದರೊಂದಿಗೆ ಲಗತ್ತಿಸಲಾಗಿದೆ. ಒಳಗೆಳೆದದ್ದಕ್ಕೆ ಒಂದು, ಹೊರಬಿಟ್ಟದ್ದಕ್ಕೆ ಒಂದು.

೮. ಆದ್ದರಿಂದ ಕಿಟಕಿಯನ್ನು ತೆರೆಯತಕ್ಕದ್ದಲ್ಲ ಎಂದು ಈ ಮೂಲಕ ಅಂತಿಮವಾಗಿ ತೀರ್ಮಾನಿಸಲಾಗಿದೆ.

೯. ಸೂಚನಾ ಫಲಕದಲ್ಲಿ ಹಳೆಯ ಸುತ್ತೋಲೆಗಳು ತುಂಬಿ ಜಾಗವಿಲ್ಲದ ಕಾರಣ, ಈ ಸುತ್ತೋಲೆಯನ್ನು ಸಂಬಂಧಪಟ್ಟ ಕಿಟಕಿಯ ಕದಕ್ಕೇ ಒಳಬದಿಯಿಂದ ಅಂಟಿಸತಕ್ಕದ್ದು. ಅಂಟಿಸಿದ ಕಾಗದ ಗಾಳಿಯಾಡುವಲ್ಲಿ ಒಣಗಬೇಕು, ಒಣಗುವ ಮುನ್ನ ಕದ ಮುಚ್ಚಿದರೆ ಇಲಾಖೆಯ ಆದೇಶಕ್ಕೆ ಬೂಷ್ಟು ಹಿಡಿಯುತ್ತದೆ ಎಂಬ ಹಳೆಯ ಸ್ಥಾಯಿ ನಿಯಮವಿದ್ದು, ಅದರಂತೆ ಆರೂ ಮೊಳೆಗಳನ್ನು ಕಿತ್ತು ಅಂಟು ಒಣಗುವವರೆಗೆ ಮಾತ್ರ ಕದವನ್ನು ತೆರೆದಿಡತಕ್ಕದ್ದು. ಒಣಗಿತೇ ಇಲ್ಲವೇ ಎಂದು ದಾಖಲೆ ಕೋಣೆಯ ಗುಮಾಸ್ತೆ ಪ್ರತಿ ಸಂಜೆ ವರದಿ ನೀಡತಕ್ಕದ್ದು.

(ಸಹಿ ಇದೆ, ಓದಲಾಗುವುದಿಲ್ಲ)
ಅಧೀಕ್ಷಕರು

ಪ್ರತಿಗಳು:
ಕಿಟಕಿ ಸಮಿತಿಯ ಸದಸ್ಯರಿಗೆ, ಎಚ್ಚರವಾದ ನಂತರ ಓದಿಕೊಳ್ಳಲು.
ಬಡಗಿಗೆ, ಮೊಳೆ ಕೀಳಲು. ಕಿತ್ತ ಮೊಳೆಗಳನ್ನು ನೇರ ಮಾಡಿ ಜೋಪಾನವಾಗಿಡಲು.
ವಿಜ್ಞಾನ ಶಿಕ್ಷಕಿಗೆ, ಇನ್ನು ಮುಂದೆ ಅಕ್ಷರ ಕೆಡಿಸಿ ಬರೆಯಲು.
ಕುಂಡದ ಗಿಡಕ್ಕೆ, ಕಿಟಕಿಯ ಬಳಿ ಮುಂದುವರಿಯಲು.
ಕಿಟಕಿಗೆ, ಅಂಟಿಸಿಕೊಳ್ಳಲು.
ಕಚೇರಿ ಪ್ರತಿ.

ಕಚೇರಿ ಪ್ರತಿಯ ಮೇಲಿನ ಷರಾ:

ಸುತ್ತೋಲೆ ಅಂಟಿಸಿ ಇಂದಿಗೆ ನಾಲ್ಕು ತಿಂಗಳು. ಗುಮಾಸ್ತೆಯಿಂದ ಪ್ರತಿ ಸಂಜೆ ತಪ್ಪದೆ ವರದಿ ಬರುತ್ತಿದೆ: "ಅಂಟು ಇನ್ನೂ ಒಣಗಿಲ್ಲ." ಆ ನಂತರ ಅವರು ಬಿದ್ದ ಬಗ್ಗೆ ವರದಿ ಇಲ್ಲ. ಗಿಡಕ್ಕೆ ಎರಡು ಹೊಸ ಎಲೆ ಬಂದಿದೆ. ಗುಮಾಸ್ತೆಯು ಬೆಳಿಗ್ಗೆ ಬಂದೊಡನೆ ಗಿಡಕ್ಕೆ ನೀರು ಹನಿಸಿ, ಉಳಿದ ನೀರಿನಲ್ಲಿ ಬೆರಳದ್ದಿ ಕಾಗದದ ಅಂಚನ್ನು ಸವರುತ್ತಾರೆಂದು ಸಮಿತಿಯ ಅಧ್ಯಕ್ಷರು ದೂರಿದ್ದಾರೆ. ಖುದ್ದಾಗಿ ಹೋಗಿ ಮುಟ್ಟಿ ನೋಡಿದೆ. ಬೆರಳಿಗೆ ಹಸಿ ತಾಗಿತು. ಗಾಳಿ ಸಿಕ್ಕ ಕಡೆ ಕೊನೆಗೆ ನೀರು ಉಂಟಾಗುತ್ತದೆಂದು ಅರ್ಜಿದಾರರು ಮೊದಲೇ ತಿಳಿಸಿರುತ್ತಾರೆ. ಕಂಡಿಕೆ ೧ ನೋಡಿ. ಒಣಗುವವರೆಗೆ ಕಾಯತಕ್ಕದ್ದು.

ಅಧೀಕ್ಷಕರು