ಮಾವಳ್ಳಿಯ ನಿರ್ಬೀಜ ಹುಣಸೆ

ನಮ್ಮ ಹಿತ್ತಲ ಹುಣಸೆಮರ ಲೋಕಪ್ರಸಿದ್ಧವಾಗಲು ಹೆಚ್ಚೆಂದರೆ ಒಂದು ವಾರ ಸಾಕು ಎಂದುಕೊಂಡಿದ್ದೆ.

ನಿವೃತ್ತನಾಗಿ ಮಾವಳ್ಳಿಗೆ ಬಂದ ಮೊದಲ ಮಳೆಗಾಲ. ಚೌತಿಯ ಮರುದಿನ ಹೆಂಡತಿ ಸುಶೀಲಾ ಚಟ್ನಿಗೆಂದು ಎಳೆಯ ಹುಣಸೆಕಾಯಿ ಹೆಚ್ಚುತ್ತಿದ್ದಳು. ನೋಡಿದೆ. ಒಳಗೆ ಬೀಜವೇ ಇಲ್ಲ! ಇನ್ನೊಂದು ಸೀಳಿದೆ. ಅದರಲ್ಲೂ ಇಲ್ಲ! ಹತ್ತು ಸೀಳುವಷ್ಟರಲ್ಲಿ ಚಟ್ನಿಗೆ ಕಾಯಿ ಉಳಿಯಲಿಲ್ಲ, ನನಗೆ ಸಂಶಯ ಉಳಿಯಲಿಲ್ಲ.

ಸಂಜೆಯೊಳಗೆ ತಳಿಗೆ ‘ಮಾವಳ್ಳಿ ನಿರ್ಬೀಜ’ ಎಂದು ನಾಮಕರಣವಾಯಿತು. ಊರಿನ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆಯೂ ಹೊರಟಿತು.

ಮೀನು ಮಾರುವ ಪಕ್ಕದ ಮನೆಯ ಮಾದೇವಿ ಬುಟ್ಟಿ ಇಳಿಸಿ ಕೇಳಿದಳು: “ಎಂತ ಮಾಸ್ತರ್ರೆ, ಹೌದಾ? ವರ್ಷ ವರ್ಷಾ ಬೀಜ ಬಿಡ್ಸಿ ಬಿಡ್ಸಿ ನನ್ನ ಸೊಂಟ ಹೋತು.”

“ಇನ್ನು ನಿನಗೆ ಬೇಕಾದಷ್ಟು ಹಣ್ಣು ನಮ್ಮ ಮರದ್ದೇ ಒಯ್ಯಿ. ಒಂದೇ ಒಂದು ಬೀಜ ಸಿಕ್ಕರೂ ನಾನೇ ಕೂತು ಬಿಡಿಸಿಕೊಡುತ್ತೇನೆ!”

ಪಾಪ, ನಂಬಿದಳು. ಹಂಚಿಗೆ ತಾಗುತ್ತಿದ್ದ ತನ್ನ ಹುಣಸೆಮರವನ್ನು ಕಡಿಸಿಯೇಬಿಟ್ಟಳು.

ದೀಪಾವಳಿಗೆ ಕಾಯಿ ಮುಟ್ಟಿದರೆ ಗಂಟು ಗಂಟು. ಸೀಳಿದೆ. ಒಳಗೆ ಮೆತ್ತನೆಯ ಹಸಿರು ಬೀಜಗಳು! ಎಲ್ಲಿಂದ ಬಂದವು? ಕೊಂಬೆ ತಪ್ಪಿರಬೇಕೆಂದು ಇನ್ನೊಂದು ಕೊಂಬೆ ನೋಡಿದೆ. ಅಲ್ಲೂ ಬೀಜ. ಮರವೇ ತಪ್ಪಿತೇ? ಹಿತ್ತಲಲ್ಲಿರುವುದು ಒಂದೇ ಮರ!

“ಕಡಿಯುವ ಮೊದಲೇ ಮಾದೇವಿಯ ಮರದ ಗಾಳಿ ತಾಗಿರಬೇಕು” ಎಂದೆ.

“ಗಾಳೀಲಿ ಹಾರ್ಕಂಡ್ ಬಂದು ಕಾಯೊಳಗೆ ಕೂತ್ವಾ?” ಎಂದಳು ಸುಶೀಲಾ.

ಶಿವರಾತ್ರಿಯ ಹೊತ್ತಿಗೆ ಸುದ್ದಿ ಕೇಳಿ ಕುಮಟಾದಿಂದ ಕೃಷಿ ಅಧಿಕಾರಿಣಿಯೊಬ್ಬರು ಬಂದರು. ಒಂದು ಹಣ್ಣು ಮುರಿದರು. ಮಿರಮಿರ ಮಿಂಚುವ ಒಂಬತ್ತು ಬೀಜಗಳು ಅಂಗೈಗೆ ಬಿದ್ದವು.

“ನೀವು ಯಾವಾಗ ನೋಡಿದ್ರಿ ಸರ್?”

“ಚೌತಿಗೆ.”

“ಆಗ್ಲೂ ಬೀಜ ಇತ್ತು. ತೀರಾ ಸಣ್ಣದು, ಕಣ್ಣಿಗೆ ಕಾಣ್ಲಿಲ್ಲ ಅಷ್ಟೇ. ಕಾಯಿ ಬಲಿತ ಹಾಗೆ ಬೀಜಾನೂ ಬಲೀತದೆ.”

ಬೇಲಿಯಾಚೆಯಿಂದ ಮಾದೇವಿ, ನಮ್ಮ ಮರದಿಂದಲೇ ಒಯ್ದಿದ್ದ ಹಣ್ಣಿನ ಮೂರು ಬುಟ್ಟಿ ತಂದಿಟ್ಟಳು. “ಆತು ಮಾಸ್ತರ್ರೆ, ಕೂತ್ಕಳಿ.”

ಕೂತೆ. ಅಧಿಕಾರಿಣಿ ಹೊರಡುವಾಗ ಗೌರವದಿಂದ ಕೇಳಿದರು: “ಶಾಲೇಲಿ ಯಾವ ವಿಷಯ ಕಲಿಸ್ತಿದ್ರಿ ಸರ್?”

ಹೂವು ಕಾಯಾಗುವ, ಕಾಯೊಳಗೆ ಬೀಜ ಬಲಿಯುವ ಚಿತ್ರವನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬಿಡಿಸಿದವನು ನಾನು. ಸುಶೀಲಾ ಬಾಯಿ ತೆರೆಯುವುದು ಕಾಣಿಸಿತು.

“ಡ್ರಿಲ್ಲು!” ಎಂದೆ.