ಸ್ಪೀಕರಿನೊಳಗಿನ ಗುಂಯ್

ಯಂತ್ರ ಕೆಟ್ಟರೆ ರಿಪೇರಿ ಮಾಡಬಹುದು. ರಿಪೇರಿ ಮಾಡುವವನ ಸುತ್ತ ಜನ ನಿಂತರೆ ಮುಂದೆ ಏನಾಗುತ್ತದೆಂದು ಯಾರೂ ಹೇಳಲಾರರು. ಕೊಪ್ಪಳದಲ್ಲಿ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ನಡೆಸಿದಷ್ಟು ವರ್ಷವೂ ನನ್ನ ಅನುಭವ ಇದೇ. ಒಂದು ಬೇಸಿಗೆಯ ರವಿವಾರ, ಒಂದೇ ಭಜನೆ ಸಿ.ಡಿ.ಯ ಕೆಲಸದಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತೇನೆ. ಉತ್ಪ್ರೇಕ್ಷೆ ಮಾಡಿಲ್ಲ, ಅದರ ಅಗತ್ಯ ಬೀಳಲಿಲ್ಲ.

೧. ಎರಡು ತಂತಿ ಕಡಿಮೆ

ಹಾಡುವವರು ಗಂಗಾವತಿಯ ಒಬ್ಬ ಅಕ್ಕಿ ಸಾಹುಕಾರರು. ಸಿ.ಡಿ. ಅವರದು, ಹೀಗಾಗಿ ಕೊನೆಯ ಮಾತೂ ಅವರದು. ಬಾಸ್ ಗಿಟಾರ್ ನುಡಿಸುವವರು ಯಲಬುರ್ಗಾದ ಸರಕಾರಿ ಕಚೇರಿಯೊಂದರ ಗುಮಾಸ್ತರು. ರಜೆಯ ದಿನ ಗಿಟಾರನ್ನು ತೊಡೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಮಾಮೂಲಿ ಗಿಟಾರಿಗೆ ಆರು ತಂತಿ, ಈ ಗಿಟಾರಿಗೆ ನಾಲ್ಕೇ, ಎಲ್ಲ ದಪ್ಪ, ಸ್ವರವೆಲ್ಲ ತಗ್ಗಿನದು. "ಉಳದ ಎರಡು ತಂತಿ ಹಾಕಸ್ರಿ, ಅಂದ್ರ ನೆಟ್ಟಗ ಕೇಳತೈತಿ" ಎಂದು ಅವರ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಿದ್ದರಂತೆ. ಒಮ್ಮೆ ತಮ್ಮ ವಾದ್ಯ ಸಿ.ಡಿ.ಯಲ್ಲಿ ಕೇಳಿಸಿದರೆ ಮನೆಯವರೂ ಕಚೇರಿಯವರೂ ಅದನ್ನು ವಾದ್ಯವೆಂದು ಒಪ್ಪುತ್ತಾರೆ ಎಂಬುದು ಗುಮಾಸ್ತರ ಆಸೆ.

ಅಂದು ಅವರು ಗಿಟಾರಿನ ಕೇಬಲ್ ಚುಚ್ಚಿದ್ದೇ ತಡ, ನನ್ನ ಮೇಜಿನ ಮೇಲಿನ ಎರಡೂ ಸ್ಪೀಕರುಗಳು 'ಗುಂಯ್' ಎಂದವು. ಇವಕ್ಕೆ ನಾವು ಮಾನಿಟರ್ ಎನ್ನುತ್ತೇವೆ. ರೆಕಾರ್ಡಿನಲ್ಲಿರುವ ಕೊಳೆಯನ್ನೂ ಮುಚ್ಚುಮರೆಯಿಲ್ಲದೆ ತೋರಿಸುವುದೇ ಇವುಗಳ ಧರ್ಮ.

"ಏನ್ರಿ ಸರ ಇದು? ಭಜನ್ಯಾಗ ಹಿಟ್ಟಿನ ಗಿರಣಿ ಹೊಕ್ಕೈತಿ," ಎಂದರು ಸಾಹುಕಾರರು.

"ಹುಡುಕಿ ತೆಗೀತೀನಿ. ಈ ಶಬ್ದ ಇರೋತನಕ ಇಲ್ಲಿಂದ ಒಂದು ಹಾಡೂ ಹೊರಗ ಹೋಗೋದಿಲ್ಲ," ಎಂದೆ ನಾನು.

"ಸಂಜಿತನಕ ನೋಡ್ರಿ. ಹೋಗಲಿಲ್ಲಂದ್ರ ಆ ಗಿಟಾರ್ ಬ್ಯಾಡ. ಕೀಬೋರ್ಡಿನ್ಯಾಗ ಮುಗಿಸಿಬಿಡ್ರಿ."

ಗುಮಾಸ್ತರ ಮುಖ ಇಳಿಯಿತು. "ಸರ, ಮನ್ಯಾಗ ಹೇಳಿ ಬಂದೀನ್ರಿ."

"ಏನಂತ? ಸಿ.ಡಿ. ಮಾಡ್ತೀವಿ ಅಂತನಾ?" ಎಂದೆ ನಾನು.

"ಇಲ್ರಿ, ಇವತ್ತ ಎರಡು ತಂತಿ ಹಾಕಸ್ಕೊಂಡು ಬರ್ತೀನಿ ಅಂತ. ಹಂಗ ಹೇಳದಿದ್ರ ರವಿವಾರ ಕಳಸೂದಿಲ್ರಿ."

೨. ಕೈ ಇಟ್ಟರೆ ಶಾಂತಿ

ನನ್ನ ಪದ್ಧತಿ ಎಂದರೆ ಒಂದು ಸಲಕ್ಕೆ ಒಂದೇ ಬದಲಾವಣೆ. ಕೇಬಲ್ ಬದಲಿಸಿದೆ, ಗುಂಯ್ ಹೋಗಲಿಲ್ಲ. ಸ್ಪೀಕರಿನ ಪ್ಲಗ್ ಬೇರೆ ಬೋರ್ಡಿಗೆ ಹಾಕಿದೆ, ಆಗಲೂ ಹೋಗಲಿಲ್ಲ. ಅಷ್ಟರಲ್ಲಿ ಗುಮಾಸ್ತರು ಬೇಸರದಿಂದ ತಂತಿಗಳ ಮೇಲೆ ಅಂಗೈ ಊರಿದರು. ಶಬ್ದ ಗಪ್ಪನೆ ನಿಂತಿತು. ಕೈ ತೆಗೆದರೆ ಮತ್ತೆ ಗುಂಯ್, ಇಟ್ಟರೆ ಗಪ್ಪು.

ಸಾಹುಕಾರರು ಕುರ್ಚಿಯಿಂದ ಎದ್ದೇ ಬಿಟ್ಟರು. "ಹತ್ತೂ ಬೆರಳಿನ್ಯಾಗ ಏನೈತಿ ನೋಡ್ರಿ ಇಂವಂದು! ತಮ್ಮಾ, ಕೈ ತಗೀಬ್ಯಾಡ."

"ಅದು ಪವಾಡ ಅಲ್ಲ ಸಾಹುಕಾರ್ರ. ಬ್ಯಾಡಾದ ಕರೆಂಟು ಅವರ ಮೈಯಿಂದ ಇಳಿದು ಹೋಗ್ತದ. ಆದರ ನುಡಿಸುವಾಗ ಕೈ ಎತ್ತಬೇಕಲ್ಲ?"

ಸಾಹುಕಾರರದು ವ್ಯಾಪಾರಸ್ಥರ ತಲೆ, ದಾರಿ ಹೊಳೆಯದೆ ಇರುವುದಿಲ್ಲ.

"ಇಂವ ಕೈ ಇಟ್ಕೊಂಡು ಕುಂದರ್ಲಿ ಬಿಡ್ರಿ. ಬಾರಸಾಕ ಬ್ಯಾರೇದವರನ್ನ ಕರಸೂಣು."

೩. ದಿಕ್ಕಿನ ಪ್ರಶ್ನೆ

ಗಿಟಾರು ಕಂಪ್ಯೂಟರಿನ ಪರದೆಯ ಹತ್ತಿರವಿದ್ದರೂ ಶಬ್ದ ಹಿಡಿಯುತ್ತದೆ. ಆಗಿನ ಪರದೆಗಳು ಗೋದಿ ಚೀಲದಷ್ಟು ದಪ್ಪ. ಗುಮಾಸ್ತರನ್ನು ಮೆಲ್ಲಗೆ ತಿರುಗಲು ಹೇಳಿದೆ. ಅವರು ಕುರ್ಚಿಸಮೇತ ತಿರುಗುತ್ತ ಹೋದರು. ಒಂದು ಕಡೆ ಮುಖ ಮಾಡಿದಾಗ ಗುಂಯ್ ಅರ್ಧಕ್ಕೆ ಇಳಿಯಿತು.

"ಅಲ್ಲೇ ಇರ್ರಿ, ಅಲುಗಾಡಬ್ಯಾಡ್ರಿ," ಎಂದೆ.

"ಅದು ದಕ್ಷಿಣ!" ಎಂದರು ಸಾಹುಕಾರರು. "ದಕ್ಷಿಣಕ್ಕ ಮುಖ ಮಾಡಿ ದೇವರ ಪದಾ ಬಾರಸ್ತಾರೇನ್ರಿ? ನಾ ಹಾಡಂಗಿಲ್ಲ."

ಶಬ್ದಕ್ಕೆ ದಿಕ್ಕಿನ ಶಾಸ್ತ್ರ ಗೊತ್ತಿಲ್ಲ ಎಂದೆ. ತಮಗೆ ಗೊತ್ತಿದೆ ಎಂದರು ಅವರು. ಕೊನೆಗೆ ಗುಮಾಸ್ತರು ಪೂರ್ವಕ್ಕೇ ಕುಳಿತರು. ಅವರ ಸುತ್ತ ಮೇಜು, ಪರದೆ, ಸ್ಪೀಕರು ಎಲ್ಲವನ್ನೂ ನಾವು ತಿರುಗಿಸಿದೆವು. ಬೆವರೊರೆಸಿಕೊಂಡು ನನ್ನ ಜಾಗದಲ್ಲಿ ಕುಳಿತೆ. ಆಗ ಗುಮಾಸ್ತರು ಅಳುಕುತ್ತ ಹೇಳಿದರು, "ಸಾಹುಕಾರ್ರ, ಈಗ ಸರ್ ದಕ್ಷಿಣಕ್ಕ ಆದ್ರಲ್ರಿ?"

ಸಾಹುಕಾರರು ಕೈ ಬೀಸಿದರು. "ಅವರಿಗೆ ನಡೀತೈತಿ ಬಿಡೋ. ಅವರು ಇಂಗ್ಲಿಷ್ ಸಾಲ್ಯಾಗ ಓದ್ಯಾರ."

೪. ಮುಂಚೆಯೇ ಹೇಳುವ ಸ್ಪೀಕರು

ಅರ್ಧ ಶಬ್ದ ಇನ್ನೂ ಉಳಿದಿತ್ತು. ಫ್ಯಾನು, ಟ್ಯೂಬ್‌ಲೈಟು ಎಲ್ಲ ಬಂದ್ ಮಾಡಿಸಿದೆ. ಬೇಸಿಗೆಯ ಕೊಪ್ಪಳದಲ್ಲಿ ಇದು ಸಣ್ಣ ಆಜ್ಞೆಯಲ್ಲ. ಕತ್ತಲಲ್ಲಿ ಮೂವರೂ ಬೇಯುತ್ತ ಕುಳಿತಿರುವಾಗ ಸ್ಪೀಕರು ಗುಂಯ್ ಜೊತೆಗೆ 'ಟಿಟಿಕ್ ಟಿಟಿಕ್' ಎಂದಿತು. ಮರುಕ್ಷಣ ಸಾಹುಕಾರರ ಜೇಬಿನಲ್ಲಿ ಮೊಬೈಲ್ ರಿಂಗಣಿಸಿತು. ಅವರು ಮಾತಾಡಿ ಇಟ್ಟರು. ಮತ್ತೆ ಟಿಟಿಕ್, ಮತ್ತೆ ಫೋನು.

"ಫೋನ್ ಬರೂಕಿಂತ ಮೊದಲ ಇದು ಹೇಳತೈತಲ್ರಿ!"

"ಹೌದು. ಅದಕ್ಕೇ ಮೊಬೈಲ್ ಹೊರಗ ಇಡ್ರಿ ಅಂತ ಬಾಗಲದ ಮ್ಯಾಲೆ ಬರದೀನಿ."

ಸಾಹುಕಾರರಿಗೆ ನನ್ನ ಬೋರ್ಡು ಬೇಕಿರಲಿಲ್ಲ. ಸ್ಪೀಕರನ್ನು ಪ್ರೀತಿಯಿಂದ ತಟ್ಟಿದರು. "ಇಂಥಾದ್ದೊಂದು ಅಂಗಡ್ಯಾಗ ಇದ್ದಿದ್ರ ಭಾಳ ಛಲೋ ಆಗತಿತ್ತು. ಫೋನ್ ಬಾರಸೂದ್ರಾಗ ಎದ್ದು ಊಟಕ್ಕ ಹೋಗಿಬಿಡಬಹುದಿತ್ತು."

೫. ಅರ್ತಿಂಗ್ ಶಾವಿಗೆ

ಇನ್ನು ಉಳಿದದ್ದು ಅರ್ತಿಂಗ್. ಯಂತ್ರಗಳಿಂದ ಬೇಡವಾದ ಕರೆಂಟನ್ನು ನೆಲಕ್ಕಿಳಿಸುವ ತಂತಿ ಅದು. ಹಿತ್ತಲಿನಲ್ಲಿ ಉಪ್ಪು, ಇದ್ದಿಲು ತುಂಬಿ ಹುಗಿದ ಪೈಪಿಗೆ ಅದನ್ನು ನಾನೇ ಬಿಗಿಸಿದ್ದೆ. ಹೋಗಿ ನೋಡಿದರೆ ಪೈಪು ಬರಿದಾಗಿ ನಿಂತಿತ್ತು. ತಂತಿ ಸ್ಟುಡಿಯೋದ ಗೋಡೆಯಿಂದ ಹೊರಟು ಬೇವಿನ ಗಿಡದವರೆಗೆ ಬಿಗಿಯಾಗಿ ಹೋಗಿತ್ತು. ಅದರ ಉದ್ದಕ್ಕೂ ಶಾವಿಗೆ ಒಣಗುತ್ತಿತ್ತು. ಮನೆ ಮಾಲಕಿ ಅವ್ವನವರು ಕಾಗೆ ಕಾಯುತ್ತ ಕುಳಿತಿದ್ದರು.

"ಅವ್ವಾರ, ಈ ತಂತಿ ಯಾರು ಬಿಚ್ಚಿದ್ರು?"

"ನಾನಽ ಬಿಚ್ಚೀನಿ. ಸುಮ್ಮನ ನೆಲದಾಗ ಹೋಗಿತ್ತಲ್ಲೋ ತಮ್ಮಾ, ಅಲ್ಲೇನ ಕೆಲಸ ಅದಕ್ಕ?"

"ನೆಲದಾಗ ಹೋಗೋದಽ ಅದರ ಕೆಲಸ."

"ಹಂಗಾರ ಏನ ಕೆಟ್ಟಿತು? ಗಿಡಕ್ಕ ಕಟ್ಟೀನಿ. ಗಿಡಾನೂ ನೆಲದಾಗಽ ಐತಿ."

ಆ ತಂತಿಯನ್ನು ಮುಟ್ಟಿದರೆ ಅಪಾಯ ಎಂದು ಗಟ್ಟಿಯಾಗಿ ಹೇಳಿದೆ.

"ಅದಕ್ಕಽ ಏನು ಬೆರಳು ಜುಮ್ಮ ಅಂತಿದ್ದು!" ಎಂದರು ಅವ್ವನವರು. "ನಾ ವಯಸ್ಸಾತು ಅಂದ್ಕೊಂಡು ಡಾಕ್ಟರ ಕಡೆ ಗುಳಿಗಿ ತಂದೀನಿ. ಖರೇ ಹೇಳ್ತೀನಿ, ಗುಣಾ ಐತಿ. ನಿನ್ನಿ ದಿನಪೂರ್ತಿ ಜುಮ್ಮ ಅನ್ನಲಿಲ್ಲ."

ಹಿಂದಿನ ದಿನ ನಾನು ಕುಷ್ಟಗಿಗೆ ಹೋಗಿದ್ದೆ. ಸ್ಟುಡಿಯೋದ ಮೇನ್ ಸ್ವಿಚ್ಚೇ ಬಂದ್ ಇತ್ತು. ಅದನ್ನೂ ಹೇಳಿದೆ.

"ನಿಂದೇನೈತೋ ಗೊತ್ತಿಲ್ಲ," ಎಂದರು ಅವ್ವನವರು. "ಡಾಕ್ಟರ ಮಾತ್ರ ಶ್ಯಾಣ್ಯಾ ಅದಾನ."

೬. ಬಂದ್ ಆದದ್ದು ಏನು?

ಮೇನ್ ಸ್ವಿಚ್ ಬಂದ್ ಮಾಡಿ, ಶಾವಿಗೆಯನ್ನು ಮೂವರೂ ಕೂಡಿ ಹೊರಸಿನ ಮಂಚದ ಮೇಲೆ ಸಾಗಿಸಿದೆವು. ತಂತಿಯನ್ನು ಪೈಪಿಗೆ ಬಿಗಿದು ಕೊಡದಿಂದ ನೀರು ಹೊಯ್ದೆ. ಒಳಗೆ ಬಂದು ಎಲ್ಲ ಹಚ್ಚಿದರೆ ಸ್ಪೀಕರಿನಲ್ಲಿ ಉಸಿರಿಲ್ಲ. ಗುಮಾಸ್ತರು ತಂತಿಯಿಂದ ಕೈ ತೆಗೆದರು, ಆಗಲೂ ಗಪ್ಪು. ಅವರ ಕಣ್ಣಲ್ಲಿ ನೀರು ಬಂದಂತೆ ಕಂಡಿತು, ಸೆಕೆಯೂ ಇತ್ತು.

"ಗಿಟಾರ್ ಇರಲಿಬಿಡ್ರಿ ಹಂಗಾರ," ಎಂದರು ಸಾಹುಕಾರರು, ದೊಡ್ಡ ಮನಸ್ಸಿನಿಂದ. "ಹಾಡೂಣು ನಡ್ರಿ."

ಹಾಡು ಶುರುವಾಗುವುದು ಅವರ ಒಂಟಿ ಆಲಾಪದಿಂದ. ಗಿಟಾರು ಸೇರುವುದು ಆಮೇಲೆ. ಸ್ವರ ಹಿಡಿಯಲು ಭಜನೆ ಮೇಳದವರ ಹಾರ್ಮೋನಿಯಂ ಪೇಟಿಯನ್ನು ಸಾಹುಕಾರರು ತಂದಿರಲಿಲ್ಲ. "ಸ್ವರ ನನ್ನ ಗಂಟಲದಾಗ ಕುಂತೈತಿ" ಎಂದಿದ್ದರು. ಬೆಳಗಿನಿಂದ ನಡುನಡುವೆ ಆ ಗುಂಯ್ ಜೊತೆಗೇ ಮಾಡಿದ ತಾಲೀಮಿನಲ್ಲಿ ಪ್ರತಿ ಸಲವೂ ಅದೇ ಸ್ವರಕ್ಕೆ ಎತ್ತಿದ್ದರು. ನನಗೂ ಗೌರವ ಬಂದಿತ್ತು.

ಈಗ ಎತ್ತಿದರು. ಧ್ವನಿ ಬಾವಿಯ ತಳದಲ್ಲಿತ್ತು. ನಿಲ್ಲಿಸಿ ಮತ್ತೆ ಎತ್ತಿದರು. ಈ ಸಲ ಮಾಳಿಗೆ ಹತ್ತಿದರು, ಇಳಿಯಲು ದಾರಿ ಸಿಗಲಿಲ್ಲ. ಕೆಮ್ಮಿದರು, ನೀರು ಕುಡಿದರು, ನನ್ನನ್ನು ದಿಟ್ಟಿಸಿದರು.

"ಸರ, ನೀವು ಏನೋ ಬಂದ್ ಮಾಡೀರಿ."

"ಏನೂ ಇಲ್ಲ ಸಾಹುಕಾರ್ರ. ಆ ಗುಂಯ್ ಅನ್ನೋದೊಂದಽ."

ಅವರು ಸ್ಪೀಕರಿಗೆ ಕಿವಿ ಹಚ್ಚಿ ನೋಡಿದರು. ಆಮೇಲೆ ಗುಮಾಸ್ತರ ಕಡೆ ವಾಲಿ, ನನಗೆ ಕೇಳಬಾರದೆಂಬಂತೆ ಹೇಳಿದರು, "ತಮ್ಮಾ, ಆ ಎಲ್ಲಾಕ್ಕಿಂತ ದಪ್ಪ ತಂತಿ ಐತೆಲ್ಲ, ಅದನ್ನ ಒಂದೀಟು ಮೀಟಿಕೊಂತ ಇರು. ನಿಲ್ಲಸಬ್ಯಾಡ."

ಗುಮಾಸ್ತರು ಮೀಟಿದರು. ಸಾಹುಕಾರರಿಗೆ ದಾರಿ ಸಿಕ್ಕಿತು. ಹಾಡು ಒಂದೇ ಸಲಕ್ಕೆ ಮುಗಿಯಿತು, ಶುದ್ಧವಾಗಿ. ಮಧ್ಯದಲ್ಲಿ ಸೇರಬೇಕಿದ್ದ ಗಿಟಾರು ಮೊದಲ ಉಸಿರಿನಿಂದ ಕೊನೆಯವರೆಗೂ ಇತ್ತು.

ಹೊತ್ತು ಇಳಿಯಿತು. ಇನ್ನೂ ಹಾಡುಗಳು ಉಳಿದಿದ್ದವು. ಗುಮಾಸ್ತರು ಬಸ್ಸಿನ ಹೊತ್ತಾಯಿತೆಂದು ಎದ್ದರೆ ಗಿಟಾರಿನ ಚೀಲ ಕಾಣಲಿಲ್ಲ. ಸಾಹುಕಾರರು ಅದನ್ನು ಮಡಚಿ ಅದರ ಮೇಲೆ ಕುಳಿತಿದ್ದರು.

"ಸಾಹುಕಾರ್ರ, ಅವರನ್ನ ಬಿಡ್ರಿ. ನಾಳಿ ಅವರಿಗೆ ಕಚೇರಿ ಐತಿ," ಎಂದೆ.

"ಹೆಂಗ ಬಿಡ್ಲಿ ಸರ?" ಎಂದರು ಅವರು, ಕುಳಿತಲ್ಲಿಂದ ಅಲುಗಾಡದೆ. "ಇಂವ ಬಸ್ ಹತ್ತಿದ್ರ ನನ್ನ ಸ್ವರಾನೂ ಯಲಬುರ್ಗಾಕ್ಕ ಹೋಗತೈತಿ."